ನಿರ್ಣಾದ ನೆತ್ತಿಯ ಮೇಲೆ ಉಪಗ್ರಹವೇಕೆ ನಿಲ್ಲದು?

ಬೀದರ ಜಿಲ್ಲೆಯ ನಿರ್ಣಾದಲ್ಲಿ ಮನೆಗಳ ಮಾಳಿಗೆಯ ಮೇಲಿರುವ ಡಿಶ್‌ಗಳನ್ನು ಒಮ್ಮೆ ಗಮನಿಸಿ. ಯಾವ ಕಂಪನಿಯದೇ ಇರಲಿ, ಅವು ಮುಖ ಮಾಡಿರುವುದು ದಕ್ಷಿಣಕ್ಕೂ ಪೂರ್ವಕ್ಕೂ ನಡುವೆ. ಉತ್ತರಕ್ಕೆ ತಿರುಗಿದ್ದು ಒಂದೂ ಸಿಗದು, ನೆಟ್ಟಗೆ ಮೇಲಕ್ಕೆ ನೋಡುವುದೂ ಇಲ್ಲ. ಊರಿನ ನೆತ್ತಿಯ ಮೇಲೆಯೇ ಉಪಗ್ರಹವೊಂದನ್ನು ನಿಲ್ಲಿಸಬಾರದೇಕೆ?

‘ನಿಲ್ಲಿಸುವುದು’ ಎಂಬ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ಟಿ.ವಿ. ಉಪಗ್ರಹ ಸುಮಾರು 35,786 ಕಿ.ಮೀ. ಎತ್ತರದಲ್ಲಿ, ಸೆಕೆಂಡಿಗೆ 3 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಓಡುತ್ತಿರುತ್ತದೆ. ಅದೇ ಒಂದು ಸೆಕೆಂಡಿನಲ್ಲಿ ಅದು ಭೂಮಿಯ ಕಡೆಗೆ 11 ಸೆಂಟಿಮೀಟರಿನಷ್ಟು, ಅಂದರೆ ಅರ್ಧ ಗೇಣು, ಬೀಳುತ್ತದೆ ಕೂಡ. ಆದರೆ ಅಷ್ಟು ಮುಂದೆ ಸಾಗುವ ಹೊತ್ತಿಗೆ ಅದರ ದುಂಡು ದಾರಿಯೂ ಅರ್ಧ ಗೇಣು ಬಾಗಿರುತ್ತದೆ. ಎಷ್ಟು ಬಿದ್ದರೂ ನೆಲ ಹತ್ತಿರವಾಗುವುದಿಲ್ಲ. ಒಂದು ಸುತ್ತಿಗೆ ಬೇಕಾಗುವುದು 23 ಗಂಟೆ 56 ನಿಮಿಷ. ಭೂಮಿ ತನ್ನ ಸುತ್ತ ತಾನು ತಿರುಗಲೂ ಅಷ್ಟೇ ಹೊತ್ತು ಬೇಕು. ಹಾಗಾಗಿ ನಮಗೆ ಅದು ನಿಂತಂತೆ.

ಇನ್ನು ನೆತ್ತಿಯ ಮಾತು. ಭೂಮಿಯ ಸೆಳೆತ ಅದರ ಕೇಂದ್ರದ ಕಡೆಗಿದೆ. ಉಪಗ್ರಹದ ಸುತ್ತಿನ ನಡುಬಿಂದುವೂ ಅದೇ ಆಗಬೇಕು. ನಿರ್ಣಾ ಇರುವುದು ಸಮಭಾಜಕ ವೃತ್ತದಿಂದ 17 ಡಿಗ್ರಿಗೂ ಹೆಚ್ಚು ಉತ್ತರಕ್ಕೆ. ಅದರ ನೆತ್ತಿಯನ್ನು ಹಾಯುವ ಉಪಗ್ರಹ ಅರ್ಧ ಸುತ್ತು ಮುಗಿಸುವಷ್ಟರಲ್ಲಿ ಅಷ್ಟೇ ಡಿಗ್ರಿ ದಕ್ಷಿಣಕ್ಕೆ ಇಳಿದಿರುತ್ತದೆ. ಕದಲದಂತೆ ಕಾಣಬೇಕಾದರೆ ಅದು ಸಮಭಾಜಕದ ನೇರದಲ್ಲೇ ಸುತ್ತಬೇಕು.

ಈ ಭಾಗದ ಹಳ್ಳಿಗಳಿಗೆ ಇದು ಬರಿಯ ಪುಸ್ತಕದ ಪಾಠವಲ್ಲ. 1975ರ ಆಗಸ್ಟ್ 1ರಂದು ನೆರೆಯ ಗುಲಬರ್ಗಾ (ಇಂದಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಟಿ.ವಿ. ಮಾತಾಡತೊಡಗಿತು, ಅದೂ ಕನ್ನಡದಲ್ಲಿ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ! ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿದ ‘ಸೈಟ್’ ಪ್ರಯೋಗ ಅದು. ಉಪಗ್ರಹ ಅಮೆರಿಕದ ಎ.ಟಿ.ಎಸ್.-6. ಹಳ್ಳಿಯಲ್ಲಿದ್ದ ಆಂಟೆನಾ ಕೋಳಿಗೂಡಿಗೆ ಹಾಕುವಂಥ ತಂತಿಬಲೆಯದು, ಹತ್ತು ಅಡಿ ಅಗಲ. ಅದರ ಮುಖ ಇಂದಿನ ಡಿಶ್‌ಗಳಿಗೆ ಹೆಚ್ಚುಕಡಿಮೆ ವಿರುದ್ಧವಾಗಿ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿತ್ತು. ಉಪಗ್ರಹವಿದ್ದುದು 35 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಪೂರ್ವ ಆಫ್ರಿಕಾದ ಮೇಲೆ.

ಅದಕ್ಕೂ ಮೊದಲು ಅದು ಅಮೆರಿಕದ ಸೇವೆಯಲ್ಲಿ 94 ಡಿಗ್ರಿ ಪಶ್ಚಿಮದಲ್ಲಿತ್ತು. 1975ರ ಬೇಸಿಗೆಯಲ್ಲಿ ಅದನ್ನು ಪೂರ್ವಕ್ಕೆ ಸಾಗಿಸಿದರು. ಪೂರ್ವಕ್ಕೆ, ಎಂದರೆ ಅದು ಓಡುವ ದಿಕ್ಕಿಗೇ, ಮುಂದೆ ಹೋಗಬೇಕಾದರೆ ಬ್ರೇಕು ಹಾಕಬೇಕು. ಬಸ್ಸಿನ ಡ್ರೈವರಿಗೆ ಹೇಳಿದರೆ ನಕ್ಕಾನು. ಆದರೆ ವೇಗ ತಗ್ಗಿದ ಉಪಗ್ರಹ ತುಸು ಕೆಳಗೆ ಇಳಿಯುತ್ತದೆ. ಕೆಳಗಿನ ಸುತ್ತು ಚಿಕ್ಕದು, ಇಳಿಯುತ್ತಾ ಗಳಿಸಿದ ವೇಗವೂ ಸೇರಿ ಸುತ್ತು ಬೇಗ ಮುಗಿಯುತ್ತದೆ. ದಿನದಿನಕ್ಕೂ ಅದು ಭೂಮಿಗಿಂತ ಕೊಂಚ ಮುಂದಾಗುತ್ತದೆ. ಗುರಿ ಮುಟ್ಟಿದಾಗ ಮುಂದಕ್ಕೆ ನೂಕಿ ಹಳೆಯ ಎತ್ತರಕ್ಕೆ ಏರಿಸಿದರಾಯಿತು.

ಒಪ್ಪಂದವಿದ್ದುದು ಒಂದೇ ವರ್ಷಕ್ಕೆ. 1976ರ ಜುಲೈ 31ಕ್ಕೆ ಪ್ರಸಾರ ಮುಗಿಯಿತು, ಉಪಗ್ರಹ ಹಿಂದಿರುಗಿತು. ಪ್ರಯೋಗವೆಂದು ಕರೆದದ್ದೇನೋ ಸರಿ. ಆದರೆ ಸಂಜೆಯಾದರೆ ಟಿ.ವಿ. ಮುಂದೆ ಕೂಡುವುದು ರೂಢಿಯಾಗಿದ್ದ ಊರಿಗೆ ಅದು ಪ್ರಯೋಗವಾಗಿ ಉಳಿದಿರಲಿಲ್ಲ. 1977ರಲ್ಲಿ ಗುಲಬರ್ಗಾದಲ್ಲಿ ಪ್ರಸಾರ ಗೋಪುರ ಬಂತು. ಗೋಪುರದ ಅಲೆಗಳಿಗೆ ಭೂಮಿಯ ಬಾಗೇ ಅಡ್ಡಿ, ದೂರದ ಹಳ್ಳಿಗಳು ಹೊರಗುಳಿದವು. ಭಾರತದ್ದೇ ಇನ್ಸಾಟ್-1ಬಿ ಮೇಲೇರಿದ್ದು 1983ರಲ್ಲಿ.

ಸ್ವಂತ ಉಪಗ್ರಹವಿದ್ದರೂ ಕಾವಲು ತಪ್ಪದು. ಭೂಮಿಯ ನಡು ಪೂರ್ತಿ ದುಂಡಗಿಲ್ಲ. ಆ ಸೊಟ್ಟಿನಿಂದಾಗಿ ನಮ್ಮ ಉಪಗ್ರಹಗಳು ಸುಮಾರು 75 ಡಿಗ್ರಿ ಪೂರ್ವ ರೇಖಾಂಶದ ಕಡೆಗೆ ಜಾರುತ್ತವೆ. ತಮಾಷೆಯೆಂದರೆ ಅದು ಹುಬ್ಬಳ್ಳಿ–ಧಾರವಾಡದ ರೇಖಾಂಶ. ಸೂರ್ಯ ಚಂದ್ರರ ಸೆಳೆತ ಉತ್ತರ ದಕ್ಷಿಣಕ್ಕೆ ಓಲಾಡಿಸುವುದು ಬೇರೆ. ಹಾಸನದ ನಿಯಂತ್ರಣ ಕೇಂದ್ರ 1982ರಿಂದ ಮಾಡುತ್ತಾ ಬಂದಿರುವ ಕೆಲಸಗಳಲ್ಲಿ ಇವನ್ನು ತಿದ್ದುವುದು ಮುಖ್ಯವಾದದ್ದು. ಪ್ರತಿ ತಿದ್ದುವಿಕೆಗೂ ಚೂರು ಇಂಧನ ಬೇಕು. ಯಂತ್ರ ಗಟ್ಟಿಯಿದ್ದರೂ ಇಂಧನ ತೀರಿದರೆ ಉಪಗ್ರಹದ ಆಯುಸ್ಸು ಮುಗಿದಂತೆ. ಅದಕ್ಕೇ ಕೊನೆಯ ಗುಟುಕನ್ನು ಉಳಿಸಿಟ್ಟು, ಅದನ್ನು ಇತರರ ದಾರಿಯಿಂದ ಮೇಲಕ್ಕೆ ಸರಿಸುತ್ತಾರೆ.

ಎ.ಟಿ.ಎಸ್.-6 ನಿವೃತ್ತವಾದದ್ದು 1979ರಲ್ಲಿ. ಅದನ್ನೂ ಹೀಗೆಯೇ ಮೇಲಕ್ಕೆ ತಳ್ಳಿದರು. ಅಲ್ಲಿ ತಡೆಯಲು ಗಾಳಿಯಿಲ್ಲ. ಸೆಕೆಂಡಿಗೆ ಅರ್ಧ ಗೇಣಿನ ಲೆಕ್ಕದಲ್ಲಿ ಅದು ಇಂದಿಗೂ ಬೀಳುತ್ತಲೇ ಇದೆ.