ಸರಾಸರಿಯ ಮರೆಯಲ್ಲಿ ಬಡವರು



2006ರ ಸಾಚಾರ್ ವರದಿಯು ಮುಸ್ಲಿಮರ ಬಡತನವನ್ನು ಅಳೆದದ್ದು ಆದಾಯದಿಂದಲ್ಲ, ಕುಟುಂಬಗಳ ಬಳಕೆ ವೆಚ್ಚದಿಂದ. ಜಮಾಅತ್‌ಗಳ ಸಮೀಕ್ಷೆಯಲ್ಲಿ ನಾವು ಆದಾಯವನ್ನೇ ಕೇಳುತ್ತೇವೆ. ಆದರೆ ವರ್ಗಗಳಲ್ಲಿ ಬರೆದುಕೊಳ್ಳುತ್ತೇವೆ. ‘5ರಿಂದ 10 ಸಾವಿರ’ ಎಂಬ ವರ್ಗದಲ್ಲಿ, ಬೀಡಿ ಕಟ್ಟಿ 5 ಸಾವಿರ ಗಳಿಸುವ ವಿಧವೆಯೂ 9 ಸಾವಿರ ಗಳಿಸುವ ಮೆಕ್ಯಾನಿಕ್ಕನೂ ಒಂದೇ. ಎಲ್ಲರಿಗೂ ಸರಾಸರಿಯನ್ನೇ ಹಚ್ಚಿದಾಗ ಒಳಗಿನ ಅಂತರ ಅಳಿಸಿಹೋಗುತ್ತದೆ. ‘50 ಸಾವಿರಕ್ಕೆ ಮೇಲ್ಪಟ್ಟು’ ಎಂಬ ಕೊನೆಯ ವರ್ಗಕ್ಕಂತೂ ಮೇಲ್ಮಿತಿಯೇ ಇಲ್ಲ. ಅಲ್ಲಿ ಊಹೆಯೇ ಗತಿ. ಪ್ರತಿ ವರ್ಗದ ನಿಜ ಸರಾಸರಿ ತಿಳಿದಿದ್ದರೂ, ಇಂತಹ ಪಟ್ಟಿಯಿಂದ ದೊರೆಯುವ ಗಿನಿ ಸೂಚ್ಯಂಕವು ಅಸಮಾನತೆಯ ಕನಿಷ್ಠ ಅಂದಾಜು ಮಾತ್ರ.

ಆದುದರಿಂದ ಝಕಾತ್ ಸಮಿತಿಗಳು ಪ್ರತಿ ಮನೆಯ ನಿಜ ಆದಾಯವನ್ನೂ ಸದಸ್ಯರ ಸಂಖ್ಯೆಯನ್ನೂ ಗುಟ್ಟಾಗಿ ದಾಖಲಿಸಲಿ. ಇಲ್ಲವಾದರೆ ಅತ್ಯಂತ ಅರ್ಹರ ಹಕ್ಕು ಸರಾಸರಿಯ ಮರೆಯಲ್ಲಿ ಕಳೆದುಹೋಗುತ್ತದೆ. ಅದಕ್ಕೆ ಅಲ್ಲಾಹನ ಮುಂದೆ ಉತ್ತರಿಸಬೇಕಾದವರು ನಾವೇ.