ಸರಪಣಿಗೆ ಬೇಕಾದ ಸಡಿಲ



ಚಿತ್ರದುರ್ಗದ ನಮ್ಮ ಮನೆಯಲ್ಲಿ ಭಾನುವಾರ ಬೆಳಗಾಯಿತೆಂದರೆ, ಅಕ್ಕನ ಮಗನು ತನ್ನ 411 ಸಿಸಿಯ ಹಿಮಾಲಯನ್ ಬೈಕನ್ನು ಅಂಗಳದಲ್ಲಿ ಡಬಲ್ ಸ್ಟ್ಯಾಂಡಿಗೆ ಏರಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಚೈನಿಗೆ ಮೆತ್ತಿದ ಹೊಸದುರ್ಗ, ಹೊಳಲ್ಕೆರೆ ಹಾದಿಗಳ ಧೂಳನ್ನು ತಿಕ್ಕತೊಡಗುತ್ತಾನೆ.

ಮೊದಮೊದಲು ಅವನಿಗೆ ಅಲಂಕಾರದ ವ್ಯಾಮೋಹವಿತ್ತು. ದಪ್ಪ ಕಬ್ಬಿಣದ ಗಾರ್ಡು, ಇಬ್ಬದಿಗೂ ಪೆಟ್ಟಿಗೆ, ಹೆಚ್ಚಿನ ಎರಡು ದೀಪ; ಗಾಡಿಯು ಕಾರಹುಣ್ಣಿಮೆಯ ಎತ್ತಿನಂತೆ ಸಿಂಗಾರಗೊಂಡಿತು. ಮಾರಿಕಣಿವೆಗೆ ಹೊರಟ ದಿನ, ಹಿರಿಯೂರು ದಾಟುವಷ್ಟರಲ್ಲಿ ಒಂದು ಬೋಲ್ಟು ಕಳಚಿಬಿದ್ದು, ಪೆಟ್ಟಿಗೆಯನ್ನು ಬಾಳೆನಾರಿನಿಂದ ಬಿಗಿದುಕೊಂಡು ಹಿಂದಿರುಗಿದ.

ಈಗ ಅವನ ಗಮನವೆಲ್ಲ ಚೈನಿನ ಮೇಲೆ. ಅದನ್ನು ಬಿಗಿದಷ್ಟೂ ಲೇಸೆಂದು ನಾನು ತಿಳಿದಿದ್ದೆ.

"ಹಾಗಲ್ಲ ಮಾವ," ಎಂದು ಅವನು ಕೆಳಗಣ ಚೈನಿನ ನಟ್ಟನಡುವೆ ಬೆರಳಿಟ್ಟು, ಮೇಲೆತ್ತಿ ಕೆಳಗಿಳಿಸಿ, ಶಾಲೆಯ ಅಳತೆಪಟ್ಟಿಯನ್ನು ಪಕ್ಕಕ್ಕೆ ಹಿಡಿದು ತೋರಿಸಿದ. ಹಳ್ಳದಿಣ್ಣೆಗಳಲ್ಲಿ ಹಿಂದಣ ಚಕ್ರವು ಮೇಲೇರುವಾಗ ಚೈನು ತಾನಾಗಿಯೇ ಬಿಗಿಯುತ್ತದೆಯಂತೆ. ಆಗ ಬಿಟ್ಟುಕೊಡಲು ಸಡಿಲವಿರದಿದ್ದರೆ ಬೇರಿಂಗು ಸವೆಯುವುದು, ಚೈನೇ ಹರಿದರೂ ಹರಿದೀತು.

ನನಗೆ ಕೋಡಿಯ ನೆನಪಾಯಿತು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರಕ್ಕೂ, ಕಟ್ಟಿದವರು ಹೆಚ್ಚಿನ ನೀರು ಹೊರಹೋಗಲೆಂದು ಒಂದು ದಾರಿಯನ್ನು ಬಿಟ್ಟಿದ್ದರಷ್ಟೆ. 1933ರ ಬಳಿಕ 89 ವರ್ಷ ಬರಿದಾಗಿದ್ದ ಆ ಕೋಡಿಯ ಮೇಲೆ 2022ರಲ್ಲಿ ನೀರು ಹರಿದಾಗ, ನೋಡಲು ಊರಿಗೆ ಊರೇ ನೆರೆದಿತ್ತು.

ಅಷ್ಟರಲ್ಲಿ ಕಾಫಿ ಬಂತು. ಅವನು ಕೈಯ ಜಿಡ್ಡನ್ನು ಒರಸಿಕೊಂಡು, ಚಕ್ರವನ್ನು ಇನ್ನೊಮ್ಮೆ ತಿರುಗಿಸಿ, ಕಿವಿಗೊಟ್ಟು ಕುಳಿತ.