ಭೂಮಿಯ ನಾಡಿ ಪರೀಕ್ಷೆ

ಕಲ್ಲಿದ್ದಲು ನಮ್ಮ ಕನ್ನಡನಾಡಿನ ನೆಲದಲ್ಲಿ ದೊರೆಯುವ ಪದಾರ್ಥವಲ್ಲ. ಆದರೂ ಅದರ ಋಣ ನಮ್ಮ ಮನೆಮನೆಯ ಮೇಲೂ ಇದೆ. ರಾಯಚೂರಿನ ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಉರಿಯುವ ಇದ್ದಲು ತೆಲಂಗಾಣದ ಸಿಂಗರೇಣಿ ಮೊದಲಾದ ಗಣಿಗಳಿಂದ ಬರುತ್ತದೆ. ನನ್ನ ಈ ಮಾತು ನಿಮ್ಮ ಮನೆಯ ರೇಡಿಯೋವಿನಲ್ಲಿ ಕೇಳಿಸುವುದರಲ್ಲಿಯೂ ಅದರ ಪಾಲು ಕೊಂಚ ಇದ್ದೀತು. ಹೀಗಿರುವಲ್ಲಿ, ಇದ್ದಲನ್ನು ಅಗೆಯುವುದಕ್ಕೆ ಮೊದಲು ನೆಲವನ್ನು ಹೇಗೆ ಪರೀಕ್ಷಿಸುತ್ತಾರೆಂದು ತಿಳಿಯುವುದು ಅಪ್ರಸ್ತುತವಾಗಲಾರದು.

ಗಣಿ ತೆಗೆಯಬೇಕೆಂದಿರುವ ಜಾಗಕ್ಕೆ ಮೊದಲು ಬರುವುದು ಬೈರಿಗೆ ಯಂತ್ರ. ಅದನ್ನು ಕಂಡವರು, "ಇದ್ದಲು ಇದೆಯೋ ಇಲ್ಲವೋ ನೋಡುತ್ತಿದ್ದಾರೆ" ಎನ್ನುತ್ತಾರೆ. ಅದು ಅರ್ಧ ಸತ್ಯ. ಇದ್ದಲು ಎಷ್ಟಿದೆ, ಎಂಥದು ಎಂಬುದು ವ್ಯಾಪಾರಿಯ ಪ್ರಶ್ನೆ. ತೋಡಿದರೆ ಮೇಲಿನ ನೆಲ ನಿಂತೀತೆ, ಒಳಗಿನ ನೀರು ಸುಮ್ಮನಿದ್ದೀತೆ ಎಂಬುದು ಗಣಿಯಲ್ಲಿ ದುಡಿಯುವವನ ಪ್ರಾಣದ ಪ್ರಶ್ನೆ. ಈ ಎರಡನೆಯದಕ್ಕೆ ಉತ್ತರ ಹುಡುಕುವ ಕೊರೆತವೇ ಇಂದಿನ ವಿಷಯ.

ಟೊಳ್ಳು ಕೊಳವೆಯ ತುದಿಗೆ ವಜ್ರದ ಹರಳುಗಳನ್ನು ಕೂಡಿಸಿದ ಬಳೆಯೊಂದಿರುತ್ತದೆ. ಕೊಳವೆ ತಿರುಗುತ್ತ ಇಳಿದಂತೆ ಸುತ್ತಲ ಕಲ್ಲು ಸವೆದು, ನಡುವಿನ ಕಲ್ಲು ಕಂಬದಂತೆ ಒಳಗೆ ಉಳಿಯುತ್ತದೆ. ಅದನ್ನು ಮೇಲೆತ್ತಿ, ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಯಾವ ಆಳದ್ದೆಂದು ಬರೆದಿಡುತ್ತಾರೆ. ಕಂಬ ಅಖಂಡವಾಗಿ ಬಂದರೆ ಶಿಲೆ ನಂಬಿಕೆಗೆ ಯೋಗ್ಯ. ಚೂರುಚೂರಾಗಿ ಬಂದರೆ ಬಿರುಕು ಹೆಚ್ಚು. 10 ಸೆಂಟಿಮೀಟರಿಗೆ ಕಡಿಮೆಯಿಲ್ಲದ ತುಂಡುಗಳನ್ನಷ್ಟೇ ಕೂಡಿಸಿ, ಕೊರೆದ ಉದ್ದದಲ್ಲಿ ಅವು ನೂರಕ್ಕೆ ಎಷ್ಟೆಂದು ಲೆಕ್ಕ ಹಾಕುವ ಕ್ರಮವುಂಟು. ಆಯ್ದ ತುಂಡುಗಳನ್ನು ಅದುಮಿ, ಎಷ್ಟು ಭಾರಕ್ಕೆ ಒಡೆಯುತ್ತವೆಂದು ನೋಡುತ್ತಾರೆ. ರಂಧ್ರದಲ್ಲಿ ಮಾಪಕವಿರಿಸಿ ನೀರಿನ ಒತ್ತಡವನ್ನು ಅಳೆಯುತ್ತಾರೆ. ತೆರೆದ ಗಣಿಯ ಗೋಡೆ ಎಷ್ಟು ಇಳಿಜಾರಾಗಿರಬೇಕು, ಸುರಂಗದ ಚಾವಣಿಯನ್ನು ಹೊರಲು ಎಷ್ಟು ದಪ್ಪದ ಇದ್ದಲಿನ ಕಂಬಗಳನ್ನು ಬಿಡಬೇಕು ಎಂಬುದೆಲ್ಲ ಈ ಲೆಕ್ಕದಿಂದಲೇ ಹೊರಡುತ್ತದೆ.

ಇದರ ಬೆಲೆ ತಿಳಿಯಲು ತಮಿಳುನಾಡಿನ ನೈವೇಲಿಯನ್ನು ನೋಡಬೇಕು. ಅಲ್ಲಿರುವುದು ಲಿಗ್ನೈಟ್, ಎಂದರೆ ಇನ್ನೂ ಎಳೆಯದಾದ ಕಂದು ಕಲ್ಲಿದ್ದಲು. 1940ರ ದಶಕದ ಕೊರೆತಗಳಿಂದ ಅದರ ವಿಸ್ತಾರ ತಿಳಿಯಿತು. ಆದರೆ ಇದ್ದಲಿನ ಪದರದ ಕೆಳಗೆ ಮರಳಿನಲ್ಲಿ ನೀರು ಅಡಗಿದ್ದು, ಚದರ ಸೆಂಟಿಮೀಟರಿಗೆ 6ರಿಂದ 8 ಕಿಲೋಗ್ರಾಂ ಒತ್ತಡದಿಂದ ಮೇಲಕ್ಕೆ ಒತ್ತುತ್ತಿತ್ತು. 60ರಿಂದ 80 ಮೀಟರ್ ಎತ್ತರದ ನೀರಿನ ಕಂಬದ ಭಾರವದು! ಮೇಲಿನ ಮಣ್ಣಿನ ಹೊರೆಯನ್ನು ತೆಗೆದುಬಿಟ್ಟರೆ ಗಣಿಯ ತಳವೇ ಒಡೆದು ನೀರು ಉಕ್ಕುವ ಅಪಾಯ. ಆದುದರಿಂದ ಕೊಳವೆ ಬಾವಿಗಳನ್ನು ಕೊರೆದು, ಹಗಲಿರುಳು ನೀರೆತ್ತಿ, ಒತ್ತಡವನ್ನು ಇಳಿಸಿ ಇದ್ದಲು ತೆಗೆಯುವ ಕ್ರಮ ಏರ್ಪಟ್ಟಿತು. 1957ರಲ್ಲಿ ಅಗೆತ ಆರಂಭವಾಯಿತು. 1961ರಲ್ಲಿ ಇದ್ದಲು ಕಣ್ಣಿಗೆ ಬಿತ್ತು.

ನೆಲದೊಳಗಿನ ನೀರು ಕೈಮೀರಿದರೆ ಏನಾಗುವುದೆಂಬುದಕ್ಕೂ ನಿದರ್ಶನವುಂಟು. ಧನಬಾದಿನ ಬಳಿಯ ಚಾಸನಾಲಾ ಗಣಿಯಲ್ಲಿ 1975ರ ಡಿಸೆಂಬರ್ 27ರಂದು, ಮೇಲಿದ್ದ ಹಳೆಯ ಪಾಳುಗಣಿಯಲ್ಲಿ ನಿಂತಿದ್ದ ನೀರು ತಡೆಯನ್ನು ಭೇದಿಸಿ ನುಗ್ಗಿತು. 370ಕ್ಕೂ ಹೆಚ್ಚು ಮಂದಿ ಮಡಿದರು. ನೀರು ನಿಂತ ಹಳೆಯ ಗಣಿಯನ್ನು ಸಮೀಪಿಸುವಾಗ ಮುಂದುಮುಂದಕ್ಕೆ ರಂಧ್ರ ಕೊರೆದು ನೋಡಿಯೇ ಹೆಜ್ಜೆಯಿಡಬೇಕೆಂದು 1957ರ ಕಲ್ಲಿದ್ದಲು ಗಣಿ ನಿಯಮಗಳು ಆಗಲೇ ವಿಧಿಸಿದ್ದುವು. ಕುರುಡನ ಕೈಕೋಲಿನಂತೆ ಇಲ್ಲಿ ಬೈರಿಗೆಯೇ ದಾರಿ ತೋರಬೇಕು.

ಆದರೆ ಬೈರಿಗೆ ಸರ್ವಜ್ಞವೇನೂ ಅಲ್ಲ. ಅದು ಕಾಣುವುದು ಅಂಗೈಯಗಲದ ನೆಲವನ್ನು. ಎರಡು ರಂಧ್ರಗಳ ನಡುವೆ ಇರುವುದು ಅನುಮಾನಪ್ರಮಾಣ ಮಾತ್ರ. ಒಂದು ಬಿರುಕು ಅಲ್ಲಿ ಅಡಗಿ ಕುಳಿತಿರಬಹುದು. ಆದುದರಿಂದ ರಂಧ್ರಗಳು ಸಾಕಷ್ಟಿರಬೇಕು. ಕಂಡದ್ದನ್ನು ಕಂಡಂತೆ ಬರೆಯಬೇಕು. ಕೆಲಸ ಮುಗಿದ ಮೇಲೆ ನೀರಿನ ದಾರಿಯಾಗದಂತೆ ಅವನ್ನು ಭದ್ರವಾಗಿ ಮುಚ್ಚಬೇಕು. ಗಣಿಯ ನೀರೆತ್ತಿದರೆ ನಮ್ಮ ಬಾವಿಗಳ ಗತಿಯೇನು, ಅಗೆದರೆ ನಮ್ಮ ಮನೆಯ ಗೋಡೆಗಳ ಗತಿಯೇನು ಎಂದು ಕೇಳುವ ಹಕ್ಕು ನೆರೆಯ ಹಳ್ಳಿಯವರಿಗೂ ಉಂಟು. ಅದಕ್ಕೆ ಉತ್ತರವನ್ನು ಅವರ ಭಾಷೆಯಲ್ಲಿಯೇ, ಅಗೆತಕ್ಕೆ ಮೊದಲೇ ಹೇಳುವುದು ನ್ಯಾಯ.

ಭೂಮಿಯೊಳಗಿನ ಸಂಪತ್ತನ್ನು ನಾವು 'ನಿಕ್ಷೇಪ'ವೆನ್ನುತ್ತೇವೆ. ನಮ್ಮ ಪ್ರಾಚೀನ ವ್ಯವಹಾರಶಾಸ್ತ್ರದಲ್ಲಿ ಆ ಶಬ್ದಕ್ಕೆ, ನಂಬಿ ಒಬ್ಬರ ವಶದಲ್ಲಿರಿಸಿದ ಒಡವೆ ಎಂಬ ಅರ್ಥವಿದೆ. ಅಂಥದನ್ನು ತೆಗೆಯುವವನು ಇರಿಸಿಕೊಂಡವರನ್ನು ಕೇಳಿಯೇ ತೆಗೆಯಬೇಕು. ಭೂಮಿಯನ್ನು ಕೇಳುವ ಬಗೆ ಬೈರಿಗೆ. ಅದರ ಮೇಲೆ ಬಾಳುವ ಜನರನ್ನು ಕೇಳುವುದಕ್ಕೆ ಯಂತ್ರವೇನೂ ಬೇಕಾಗಿಲ್ಲ.